ಅಪ್ಪಿಯ ಮೋರಿಸಿಗೊಂದು ಮೂಗು

ಅಪ್ಪಿ ನನ್ನ ಅಂಗಡಿಗೆ ಮೊದಲ ಸಲ ಬಂದಾಗ ಅವಳ ಕೈಯಲ್ಲಿ ಒಂದು ಹಿತ್ತಾಳೆ ಡಬ್ಬಿ ಇತ್ತು. ಡಬ್ಬಿಯಲ್ಲಿ ಅಕ್ಕಿ ಹಿಟ್ಟು. ಮುಂಬಯಿಯ ಒಪೇರಾ ಹೌಸಿನ ಬಳಿ ನಾನು ಇಪ್ಪತ್ತು ವರ್ಷದಿಂದ ಮೋಟಾರಿನ ಸ್ಪೇರ್ ಪಾರ್ಟು ಮಾರುತ್ತಿದ್ದೇನೆ. ಗಿರಾಕಿಗಳು ಹಲ್ಲು ಮುರಿದ ಗೇರು ತಂದಿದ್ದಾರೆ, ಸುಟ್ಟ ಪ್ಲಗ್ಗು ತಂದಿದ್ದಾರೆ, ಒಬ್ಬ ಪಾರ್ಸಿ ಮುದುಕ ತನ್ನ ಕಾರಿನ ಸದ್ದನ್ನು ಬಾಯಿಂದಲೇ ಮಾಡಿ ತೋರಿಸಿ ಇದಕ್ಕೇನು ಮದ್ದು ಎಂದು ಕೇಳಿದ್ದಾನೆ. ಅಕ್ಕಿ ಹಿಟ್ಟು ತಂದವರು ಮಾತ್ರ ಯಾರೂ ಇರಲಿಲ್ಲ.

ಅವಳ ಹಿಂದೆ ಅವಳ ತಮ್ಮ ಮೋನಪ್ಪ ನಿಂತಿದ್ದ. ನಲವತ್ತು ದಾಟಿದ ಆಳು, ಅಕ್ಕನ ಕಾರಿಗೆ ಅವನೇ ಡ್ರೈವರು. ಅಕ್ಕ ಮಾತಾಡುವಾಗ ಅವನು ಚಪ್ಪಲಿ ನೋಡಿಕೊಳ್ಳುತ್ತಾನೆ. ಹೀಗಾಗಿ ಅವನಷ್ಟು ಚಪ್ಪಲಿಯನ್ನು ಬಲ್ಲವರು ಮುಂಬಯಿಯಲ್ಲಿ ಇನ್ನೊಬ್ಬರಿರಲಾರರು.

"ಸಾಹುಕಾರ್ರೇ, ಕಾರಿನ ಮೂಗು ಉಂಟಾ?" ಎಂದಳು ಅಪ್ಪಿ.

"ಕಾರಿಗೆ ಮೂಗು ಎಲ್ಲೈತ್ರಿ ಅಕ್ಕಾರ?"

"ಉಸಿರು ಎಳೀತದಲ್ಲ, ಅದಕ್ಕೆ ಮೂಗು ಬೇಡ್ವಾ? ಮೋನಪ್ಪ, ಹೇಳು."

"ಏರ್ ಕ್ಲೀನರ್," ಎಂದ ಮೋನಪ್ಪ ಚಪ್ಪಲಿಗೆ.

ಅಪ್ಪಿಯದು ವಡಾಲದಲ್ಲಿ ತಗಡಿನ ಗೋಡೆಯ ಒಂದು ಖಾನಾವಳಿ. ಉಡುಪಿ ಕಡೆಯಿಂದ ಬಂದು ಹೋಟೆಲುಗಳಲ್ಲಿ ದುಡಿಯುವವರು ಅಲ್ಲಿ ಊಟಕ್ಕೆ ಬರುತ್ತಿದ್ದರು. ಹೋಟೆಲಿನಲ್ಲಿ ದಿನವಿಡೀ ಬೇರೆಯವರಿಗೆ ಬಡಿಸಿದವರಿಗೆ ಕೂತು ಬಡಿಸಿಕೊಳ್ಳುವ ಸುಖ ಅಲ್ಲಿ ಸಿಗುತ್ತಿತ್ತು. ಅರುವತ್ತು ಎಲೆ ಬೀಳುತ್ತಿದ್ದ ಜಾಗ ಅದು. ಆದರೆ ಐವತ್ತೇಳನೆಯ ಇಸವಿಯ ಹೊತ್ತಿಗೆ ಹೋಟೆಲಿನ ಧಣಿಗಳು ಕೆಲಸದವರಿಗೆ ಅಲ್ಲಲ್ಲೇ ಊಟ ಹಾಕತೊಡಗಿದರು. ಅರುವತ್ತು ಇಳಿದು ಹನ್ನೊಂದಾಯಿತು. ಹನ್ನೊಂದು ಎಲೆಗೆ ಖಾನಾವಳಿ ನಡೆಯುವುದಿಲ್ಲ. ಅಕ್ಕಿ ರುಬ್ಬುವ ನಾಲ್ಕು ಮಂದಿ ಹೆಂಗಸರ ಸಮೇತ ಅಪ್ಪಿ ಮೇ ತಿಂಗಳ ಬೋಟು ಹತ್ತಿ ಊರಿಗೆ ಮರಳಬೇಕಾದ ಹಾಗಿತ್ತು. ಆಗ ಪವಾಯಿ ಕೆರೆಯ ಬದಿಯಲ್ಲಿ ಒಂದು ಕಾರ್ಖಾನೆ ಏಳುತ್ತಿರುವ ಸುದ್ದಿ ಬಂತು. ಅಲ್ಲಿ ನಕ್ಷೆ ಬರೆಯುವವರು, ಅಳತೆ ಮಾಡುವವರು, ಓವರ್‌ಸಿಯರುಗಳು ಸೇರಿ ಎಂಬತ್ತು ಜನ. ಸುತ್ತ ಎರಡು ಮೈಲಿ ಒಂದು ಚಾದ ಅಂಗಡಿಯೂ ಇಲ್ಲ. ಬೆಳಿಗ್ಗೆ ಏಳಕ್ಕೆ ಸರಿಯಾಗಿ ಬಿಸಿ ಇಡ್ಲಿ ಮುಟ್ಟಿಸುವವರಿಗೆ ಕ್ಯಾಂಟೀನು ಕೊಡುವುದಾಗಿ ಅಲ್ಲಿನ ಇಂಜಿನಿಯರು ಸೀತಾರಾಮಯ್ಯನವರು ಹೇಳಿದ್ದರು. ಮೈಸೂರಿನವರು, ಗಡಿಯಾರದ ಮನುಷ್ಯ. ಡಿಸೆಂಬರಿನ ಮೊದಲ ವಾರ, ಸೋಮವಾರದಿಂದ ಶನಿವಾರದವರೆಗೆ ಅಪ್ಪಿಗೆ ಪರೀಕ್ಷೆ. ಒಂದು ದಿನ ತಡವಾದರೂ ಕ್ಯಾಂಟೀನು ಪಾರ್ಲೆಯ ಹೋಟೆಲಿನ ಸದಾನಂದನಿಗೆ. ಸದಾನಂದನ ಹತ್ತಿರ ಹೊಸ ವ್ಯಾನು. ಅಪ್ಪಿಯ ಹತ್ತಿರ ಹತ್ತು ವರ್ಷ ಹಳೆಯ ಮೋರಿಸ್ ಕಾರು.

ದಾರಿ ನೋಡಿಕೊಂಡು ಬರಲು ಎರಡು ಸಲ ಹೋಗಿದ್ದೇ ತಡ, ಮೋರಿಸ್ ಕೆಮ್ಮಲು ಶುರು ಮಾಡಿತು. ಸಾಕಿನಾಕಾ ದಾಟಿದರೆ ಕಲ್ಲಿನ ಕ್ವಾರಿಗಳು, ಲಾರಿಗಳು, ರಸ್ತೆಗಿಂತ ದಪ್ಪ ಧೂಳು. ಗ್ಯಾರೇಜಿನವನು ಬಾನೆಟ್ಟು ಎತ್ತಿ ನೋಡಿ, ಹಳೆಯ ಏರ್ ಕ್ಲೀನರು ತುಕ್ಕು ಹಿಡಿದು ಜರಡಿಯಾಗಿದೆ, ಎಂಜಿನ್ನು ಕಲ್ಲುಪುಡಿ ತಿನ್ನುತ್ತಿದೆ, ಇನ್ನೊಂದು ತಿಂಗಳು ಹೀಗೇ ಉಂಡರೆ ಸಾಯುತ್ತದೆ ಎಂದಿದ್ದ. ಕಂಪನಿಯ ಅಸಲು ಮಾಲು ಪೇಟೆಯಲ್ಲಿರಲಿಲ್ಲ. ಬೇರೆಯವರು ಮಾಡಿದ್ದನ್ನೇ ನೋಡಿ ಆರಿಸಬೇಕು.

ನಾನು ಮೊದಲು ಹೊಳೆಯುವುದನ್ನು ಇಟ್ಟೆ. ಚಪ್ಪಟೆ, ದುಂಡಗೆ, ಬೆಳ್ಳಿಯ ತಟ್ಟೆಯ ಹಾಗೆ, ಸುತ್ತ ತಂತಿ ಜಾಲರಿ. ನನಗೆ ಲಾಭ ಹೆಚ್ಚು ಬರುವುದು ಹೊಳೆಯುವುದರಲ್ಲೇ.

"ಇದು ರೇಸಿನ ಕಾರಿಗೂ ಹಾಕ್ತಾರ್ರಿ. ಗಾಳಿ ಎಂಥಾ ಎಳೀತದ ಅಂದ್ರ, ಎಂಜಿನ್ ಕುಣೀತದ."

"ಕುಣಿಯುವ ಎಂಜಿನ್ ನನಗೆ ಯಾಕೆ? ಮೋನಪ್ಪನ ಮದುವೆ ಆಗಿ ಹದಿನೈದು ವರ್ಷ ಆಯ್ತು," ಎಂದು ಅಪ್ಪಿ ಅದನ್ನು ಎತ್ತಿ, ಕಾರ್ಬುರೇಟರಿಗೆ ಕೂರುವ ತೂತಿಗೆ ಬಾಯಿಟ್ಟಳು. ಇನ್ನೊಂದು ಕೈಯಿಂದ ಜಾಲರಿಯ ಮೇಲೆ ಒಂದು ಚಿಟಿಕೆ ಅಕ್ಕಿ ಹಿಟ್ಟು ಉದುರಿಸಿ ಜೋರಾಗಿ ಉಸಿರು ಎಳೆದಳು. ಮರುಕ್ಷಣ ಕೆಮ್ಮಿ, ನನ್ನ ಕೌಂಟರಿನ ಮೇಲೆಲ್ಲ ಬಿಳಿ ಮೋಡ ಬಿಟ್ಟಳು. ಕ್ಲಚ್ ಪ್ಲೇಟು ಕೊಳ್ಳಲು ಬಂದಿದ್ದ ಇಬ್ಬರು ಟ್ಯಾಕ್ಸಿಯವರು ಕ್ಲಚ್ ಪ್ಲೇಟು ಮರೆತು ಹತ್ತಿರ ಬಂದರು.

"ಸಾಹುಕಾರ್ರೇ, ಇದು ಜಾಲರಿ ಅಲ್ಲ, ಬಾಗಿಲು," ಎಂದಳು ತುಟಿ ಒರೆಸಿಕೊಂಡು. "ಬೇರೆ ತೋರಿಸಿ."

ನನ್ನ ಅಂಗಡಿಯ ದಾನಪ್ಪ ಮೇಲಿನ ಖಾನೆಯಿಂದ ಎರಡನೆಯದನ್ನು ಇಳಿಸಿದ. ಅದರೊಳಗೆ ದಪ್ಪ ಉಣ್ಣೆಯ ಪಟ್ಟಿ. ದಾನಪ್ಪನಿಗೆ ಕಟ್ಟಿಗೆಯಲ್ಲಿ ಕೊರೆದಂಥ ಮೀಸೆ, ನಗುವ ಅಭ್ಯಾಸ ಇಲ್ಲ. ಅವನೂ ಅಂದು ಏಣಿಯ ಮೇಲೆಯೇ ನಿಂತು ನೋಡುತ್ತಿದ್ದ. ಅಪ್ಪಿ ಮತ್ತೆ ಹಿಟ್ಟು ಉದುರಿಸಿ ಉಸಿರು ಎಳೆದಳು. ಎಳೆದಳು, ಎಳೆದಳು, ಮುಖ ಕೆಂಪಾಯಿತು, ಕಣ್ಣು ಹೊರಗೆ ಬಂತು.

"ಅಕ್ಕ, ಸಾಕು," ಎಂದ ಮೋನಪ್ಪ.

"ಹಿಟ್ಟೂ ಇಲ್ಲ, ಗಾಳಿಯೂ ಇಲ್ಲ," ಎಂದಳು ಅವಳು ಏದುಸಿರು ಬಿಡುತ್ತಾ. "ಚಾದರ ಹೊದ್ದು ಮಲಗಿದ ಹಾಗೆ ಉಂಟು. ಇದನ್ನು ಹಾಕಿ ನಾನು ಘಾಟಿ ಹತ್ತಿಸ್ಲಿಕ್ಕೆ ಹೋದ್ರೆ ಎಂಜಿನ್ ನನ್ನ ಮೇಲೆ ಪೊಲೀಸು ಕಂಪ್ಲೇಂಟು ಕೊಡ್ತದೆ."

ಟ್ಯಾಕ್ಸಿಯವರಲ್ಲಿ ಒಬ್ಬ ತಾನೂ ಒಮ್ಮೆ ನೋಡುವೆನೆಂದು ಉಸಿರು ಎಳೆದು ನೋಡಿದ. ಇನ್ನೊಬ್ಬ ಅವನಿಂದ ಕಿತ್ತುಕೊಂಡ. ಅಂಗಡಿಯಲ್ಲಿ ಮೂರು ಜನ ಸರದಿಯಂತೆ ಏರ್ ಕ್ಲೀನರಿಗೆ ಬಾಯಿಟ್ಟದ್ದನ್ನು ಎದುರಿನ ಟಯರಿನ ಅಂಗಡಿಯವನು ನೋಡಿದ. ಸಂಜೆಯ ಹೊತ್ತಿಗೆ ನಾನು ಹುಕ್ಕಾದ ವ್ಯಾಪಾರ ಹಿಡಿದಿದ್ದೇನೆಂದು ಇಡೀ ಬೀದಿಗೆ ಸುದ್ದಿಯಾಯಿತು.

ಮೂರನೆಯದನ್ನು ತೋರಿಸುವ ಮನಸ್ಸು ನನಗಿರಲಿಲ್ಲ. ಟ್ರ್ಯಾಕ್ಟರಿಗೆ ಹಾಕುವಂಥದ್ದು, ಕರಿಯ ಬಣ್ಣದ, ಸಣ್ಣ ಕೊಡಪಾನದಷ್ಟು ದಪ್ಪ. ಕೆಳಗೆ ಒಂದು ಬಟ್ಟಲು, ಬಟ್ಟಲಲ್ಲಿ ಎಣ್ಣೆ. ಒಳಗೆ ಬರುವ ಗಾಳಿ ಎಣ್ಣೆಯ ಮೇಲೆ ಬಡಿದು ಮೇಲಕ್ಕೆ ತಿರುಗುವಾಗ ಧೂಳು ಎಣ್ಣೆಯಲ್ಲಿ ಉಳಿಯುತ್ತದೆ. ಉಳಿದ ಚೂರುಪಾರು ಮೇಲಿನ ಎಣ್ಣೆ ಮೆತ್ತಿದ ಜಾಲರಿಗೆ ಅಂಟುತ್ತದೆ. ಎರಡು ವರ್ಷದಿಂದ ಅದು ನನ್ನ ಅಂಗಡಿಯಲ್ಲಿ ಬಾಗಿಲಿಗೆ ಒತ್ತು ಕೊಡುವ ಕೆಲಸ ಮಾಡುತ್ತಿತ್ತು. ಅಪ್ಪಿಯ ಕಣ್ಣು ಅಲ್ಲಿಗೇ ಹೋಯಿತು.

"ಅದು ಎಂತದು, ಬಾಗಿಲ ಹತ್ತಿರ?"

ದಾನಪ್ಪ ಬಟ್ಟಲಿಗೆ ಎಂಜಿನ್ ಎಣ್ಣೆ ಹೊಯ್ದು ಕೊಟ್ಟ. ಅಪ್ಪಿ ಹಿಟ್ಟು ಹಾರಿಸಿ ಉಸಿರು ಎಳೆದಳು. ಗಾಳಿ ಸಲೀಸಾಗಿ ಬಂತು. ನಾಲಿಗೆ ಚಾಚಿ ಮೋನಪ್ಪನಿಗೆ ತೋರಿಸಿದಳು. ಬಿಳಿ ಇಲ್ಲ. ಬಟ್ಟಲು ಬಿಚ್ಚಿದರೆ ಕರಿ ಎಣ್ಣೆಯ ಮೇಲೆ ಹಿಟ್ಟು ಕೆನೆಯ ಹಾಗೆ ನಿಂತಿತ್ತು.

"ಮೂಗು ಅಂದ್ರೆ ಇದು," ಎಂದಳು. ತಕ್ಷಣ ಮುಖ ಸೊಟ್ಟ ಮಾಡಿ, "ಆದ್ರೆ ನಾತ. ನನ್ನ ಇಡ್ಲಿ ಹಿಂದಿನ ಸೀಟಲ್ಲಿ ಕೂತ್ಕೊಳ್ತದೆ ಸಾಹುಕಾರ್ರೇ. ಈ ಕರಿ ಎಣ್ಣೆಯ ನಾತ ಇಡ್ಲಿಗೆ ಹಿಡಿದ್ರೆ ತಿನ್ನುವವರು ಯಾರು, ನೀವಾ?"

"ಎಣ್ಣಿ ಬ್ಯಾಡ ಅಂದ್ರ ಇದು ಬರೇ ಡಬ್ಬಿ ಆಗ್ತದ್ರಿ."

"ಎಣ್ಣೆ ಬೇಡ ಅಂತ ಯಾರು ಹೇಳಿದ್ದು? ಮೂಗಿಗೆ ಹಾಕುವ ಎಣ್ಣೆ ಬೇರೆ ಉಂಟು. ನಮ್ಮಲ್ಲಿ ಶೀತ ಆದ್ರೆ, ಮೂಗು ಒಣಗಿದ್ರೆ ಎಂತ ಹಾಕ್ತೇವೆ?"

"ತೆಂಗಿನೆಣ್ಣೆ," ಎಂದ ಮೋನಪ್ಪ. ಈ ಸಲ ಚಪ್ಪಲಿ ಬಿಟ್ಟು ನನ್ನ ಮುಖ ನೋಡಿದ. ಆ ನೋಟದಲ್ಲಿ, ನೀವಾದರೂ ತಡೆಯಿರಿ ಎಂಬ ಬೇಡಿಕೆ ಇತ್ತು.

ನಾನು ತಡೆಯಲಿಲ್ಲ. ಬಾಗಿಲಿಗೆ ಒತ್ತು ಕೊಡುತ್ತಿದ್ದ ಮಾಲು ಖರ್ಚಾಗುತ್ತಿರುವಾಗ ಅದರೊಳಗೆ ಏನು ಹೊಯ್ಯುತ್ತಾರೆ ಎಂದು ತಕರಾರು ತೆಗೆಯುವವನು ವ್ಯಾಪಾರಿಯಲ್ಲ. ಅಲ್ಲದೆ ನಾನು ಹುಬ್ಬಳ್ಳಿ ಕಡೆಯವನು. ನಮ್ಮಲ್ಲಿ ಕುಸುಬಿ ಎಣ್ಣೆ, ಶೇಂಗಾ ಎಣ್ಣೆ. ತೆಂಗಿನೆಣ್ಣೆಯ ಸ್ವಭಾವ ನನಗೇನು ಗೊತ್ತು?

ಬೀದಿಯಲ್ಲೇ ಅದನ್ನು ಕೂರಿಸಿದೆವು. ಅದರ ಕತ್ತು ಕಾರ್ಬುರೇಟರಿನ ಬಾಯಿಗಿಂತ ದೊಡ್ಡದು. ನಡುವೆ ರಬ್ಬರಿನ ಕೊಳವೆ ತುರುಕಿ ಬಿಗಿದದ್ದಾಯಿತು. ಬಾನೆಟ್ಟು ಮಾತ್ರ ಪೂರ್ತಿ ಮುಚ್ಚಲಿಲ್ಲ. ಅಪ್ಪಿ ಕಾರಿನೊಳಗಿಂದ ಕತ್ತದ ಹಗ್ಗ ತಂದು, ಕರುವನ್ನು ಗೂಟಕ್ಕೆ ಕಟ್ಟುವ ಗಂಟಿನಲ್ಲಿ ಬಾನೆಟ್ಟನ್ನು ಬಂಪರಿಗೆ ಕಟ್ಟಿದಳು. ಮೋರಿಸ್ ಅರ್ಧ ಬಾಯಿ ತೆರೆದುಕೊಂಡು ವಡಾಲದ ಕಡೆ ಹೊರಟಿತು.

ಆಮೇಲಿನ ಸಮಾಚಾರ ನನಗೆ ಮೋನಪ್ಪನಿಂದ ತಿಳಿಯುತ್ತಿತ್ತು. ಅಕ್ಕ ಇಲ್ಲದ ಕಡೆ ಅವನು ಭರ್ಜರಿ ಮಾತುಗಾರ.

ಸೋಮವಾರ ಹತ್ತು ನಿಮಿಷ ಮೊದಲೇ ಮುಟ್ಟಿದರು. ಮಂಗಳವಾರ ಹನ್ನೆರಡು ನಿಮಿಷ. ಕೆಮ್ಮು ಹೋಗಿತ್ತು. ಸಂಜೆ ಬಟ್ಟಲು ಬಿಚ್ಚಿದರೆ ಎಣ್ಣೆಯಡಿಯಲ್ಲಿ ಕಲ್ಲುಪುಡಿ ಗಸಿಯಾಗಿ ಕೂತಿರುತ್ತಿತ್ತು. ಅಪ್ಪಿ ಅದನ್ನು ಬಂದವರಿಗೆಲ್ಲ ಮೊಮ್ಮಗುವಿನ ಹಲ್ಲು ತೋರಿಸುವ ಹಾಗೆ ತೋರಿಸುತ್ತಿದ್ದಳು. ಇನ್ನೊಂದು ವಿಚಿತ್ರವೂ ಇತ್ತು. ಎಂಜಿನ್ನು ಆಗೀಗ ಒಂದು ಗುಟುಕು ಎಣ್ಣೆಯನ್ನೂ ಎಳೆದುಕೊಂಡು ಬಿಡುತ್ತಿತ್ತು. ಆಗ ಹೊಗೆ ಕೊಳವೆಯಿಂದ ಹಪ್ಪಳ ಕರಿದ ಪರಿಮಳ. ಕುರ್ಲಾದಲ್ಲಿ ನಾಯಿಗಳು ಕಾರಿನ ಹಿಂದೆ ಓಡಿದವು. ಪವಾಯಿಯಲ್ಲಿ ಗಾಳಿ ಆ ಕಡೆ ಬೀಸಿದ ದಿನ, ಕಾರು ತಿರುವಿನಲ್ಲಿರುವಾಗಲೇ ನಕ್ಷೆ ಬರೆಯುವವರು ಪೆನ್ಸಿಲು ಕೆಳಗಿಟ್ಟು ಕೈ ತೊಳೆಯಲು ಏಳುತ್ತಿದ್ದರಂತೆ.

ಐದು ದಿನ ಹೀಗೆ ಕಳೆಯಿತು. ಶನಿವಾರ ನಾನೂ ಜೊತೆಗೆ ಹೋಗುವುದೆಂದು ನಿಶ್ಚಯಿಸಿದೆ. ಅಪ್ಪಿಯ ಮೇಲಿನ ಪ್ರೀತಿಯಿಂದ ಎಂದು ಅವಳಿಗೆ ಹೇಳಿದೆ. ಪವಾಯಿಯ ಆ ಕಾರ್ಖಾನೆ ಕಟ್ಟುತ್ತಿದ್ದ ಗುತ್ತಿಗೆದಾರನ ಹತ್ತಿರ ಹನ್ನೊಂದು ಲಾರಿಗಳಿದ್ದವು ಎಂಬುದನ್ನು ಹೇಳಲಿಲ್ಲ.

ಆ ವರ್ಷ ಡಿಸೆಂಬರು ಬಂದರೂ ಮುಂಬಯಿಯಲ್ಲಿ ಫ್ಯಾನು ನಿಂತಿರಲಿಲ್ಲ. ಶುಕ್ರವಾರ ಸಂಜೆ ಇದ್ದಕ್ಕಿದ್ದಂತೆ ಉತ್ತರದ ಗಾಳಿ ಎದ್ದಿತು. ಶನಿವಾರ ಬೆಳಿಗ್ಗೆ ಐದೂವರೆಗೆ ನಾನು ಮಾಟುಂಗದಿಂದ ವಡಾಲಕ್ಕೆ ನಡೆದುಕೊಂಡು ಬರುವಾಗ ಫುಟ್‌ಪಾತಿನಲ್ಲಿ ಮಲಗಿದವರು ಮುದ್ದೆಯಾಗಿದ್ದರು. ಬೀದಿಯಲ್ಲಿ ಮೂವರು ಟ್ಯಾಕ್ಸಿಯವರು ಹ್ಯಾಂಡಲು ತಿರುಗಿಸಿ ತಿರುಗಿಸಿ ಎಂಜಿನ್ನಿಗೆ ಬಯ್ಯುತ್ತಿದ್ದರು. ಮೋನಪ್ಪ ನಮ್ಮ ಮೋರಿಸಿಗೆ ಒಂದೇ ಸುತ್ತು ಹಾಕಿದ. ಗುರ್ರೆಂದು ಎದ್ದಿತು.

"ನೋಡಿ," ಎಂದಳು ಅಪ್ಪಿ. ಅವಳು ಹಿಂದಿನ ಸೀಟಿನಲ್ಲಿ ಇಡ್ಲಿಯ ಎರಡು ದೊಡ್ಡ ಪಾತ್ರೆಗಳ ನಡುವೆ, ಸಾಂಬಾರಿನ ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು ಕೂತಿದ್ದಳು. ಎಲ್ಲಕ್ಕೂ ಗೋಣಿ ಸುತ್ತಿತ್ತು. "ಮೂಗು ಸರಿ ಇದ್ರೆ ಚಳಿಯೂ ಇಲ್ಲ, ಮಳೆಯೂ ಇಲ್ಲ."

ಅಷ್ಟು ಸುಲಭವಾಗಿ ಎದ್ದ ಕಾರನ್ನು ನಂಬಬಾರದು ಎಂದು ನನಗೆ ಹೊಳೆಯಬೇಕಿತ್ತು. ಚಳಿಯಲ್ಲಿ ಎಂಜಿನ್ನು ಬೇಗ ಏಳಬೇಕಾದರೆ ನಾವು ಚೋಕ್ ಎಳೆದು ಅದರ ಗಾಳಿ ಕಡಿಮೆ ಮಾಡುತ್ತೇವೆ. ಮೋನಪ್ಪ ಚೋಕ್ ಎಳೆದೇ ಇರಲಿಲ್ಲ.

ಸಯಾನ್ ಸ್ಟೇಷನ್ನಿನ ಸೇತುವೆಯ ಏರಿನಲ್ಲಿ ಮೋರಿಸ್ ಕರಿ ಹೊಗೆ ಉಗುಳಿತು. ಅರ್ಧ ಏರಿತು, ನಡುಗಿತು, ನಿಂತಿತು. ಆರಕ್ಕೆ ಐದು ನಿಮಿಷ ಬಾಕಿ.

ಮೋನಪ್ಪ ಪೆಟ್ರೋಲು ನೋಡಿದ. ಇತ್ತು. ಪ್ಲಗ್ಗು ಬಿಚ್ಚಿದ. ಮಸಿ ಮೆತ್ತಿತ್ತು. ಒರೆಸಿ ಹಾಕಿದ. ಹ್ಯಾಂಡಲು ತಿರುಗಿಸಿದರೆ ಎಂಜಿನ್ನು ಏಳುತ್ತದೆ, ಎರಡು ಕೆಮ್ಮು ಕೆಮ್ಮಿ ಮಲಗುತ್ತದೆ. ಹದಿನೈದು ನಿಮಿಷ ಹೋಯಿತು. ಅಪ್ಪಿ ಕೆಳಗಿಳಿದಳು. ಗೋಣಿಯಡಿ ಕೈ ತೂರಿಸಿ ಇಡ್ಲಿಯ ಬಿಸಿ ನೋಡಿದಳು.

"ಅಕ್ಕ, ಒಂದು ಮಾತು ಹೇಳ್ಲಾ?" ಎಂದ ಮೋನಪ್ಪ.

"ಬೊಗಳು."

"ಮೂಗು ನೋಡುವ."

ಹಗ್ಗ ಬಿಚ್ಚಿ, ಬಾನೆಟ್ಟು ಎತ್ತಿ, ಬಟ್ಟಲು ಕಳಚಿದೆವು. ಎಣ್ಣೆ ಇರಲಿಲ್ಲ. ಅದರ ಜಾಗದಲ್ಲಿ ಬೆಳ್ಳಗೆ, ಗಟ್ಟಿಯಾಗಿ, ಬೆಣ್ಣೆಯ ಮುದ್ದೆಯಂಥದ್ದು ಕೂತಿತ್ತು. ಮೇಲಿನ ಜಾಲರಿಯ ಒಂದೊಂದು ತೂತನ್ನೂ ಅದೇ ಮುಚ್ಚಿತ್ತು. ಉಸಿರು ಕಟ್ಟಿದ್ದರಿಂದಲೇ ಬೆಳಿಗ್ಗೆ ಒಂದೇ ಸುತ್ತಿಗೆ ಎದ್ದದ್ದು. ಉಸಿರು ಕಟ್ಟಿದ್ದರಿಂದಲೇ ಈಗ ಸತ್ತದ್ದು.

ಅಪ್ಪಿ ಅದಕ್ಕೆ ಬೆರಳು ಒತ್ತಿ ನೋಡಿದಳು.

"ಚಳಿಗೆ ತಲೆಗೆ ಹಾಕುವ ಬಾಟ್ಲಿಯ ಎಣ್ಣೆ ಗಟ್ಟಿ ಆಗ್ತದೆ ಅಂತ ಗೊತ್ತಿತ್ತು," ಎಂದಳು. "ಇದಕ್ಕೂ ಅದೇ ಬುದ್ಧಿ ಅಂತ ಗೊತ್ತಿರ್ಲಿಲ್ಲ."

"ಇದನ್ನ ತಗದು ಹಾಕಿ, ಮೂಗಿಲ್ಲದ ಹಂಗ ಹೋಗೋಣ್ರಿ," ಎಂದೆ.

"ಕ್ವಾರಿಯ ಧೂಳಲ್ಲಿ? ಇವತ್ತು ಮುಟ್ಟಿಸಿ, ನಾಳೆಯಿಂದ ಎಂಜಿನ್ ಇಲ್ಲದೆ ನೀವು ದೂಡ್ತೀರಾ? ಬಿಸಿ ಮಾಡ್ಬೇಕು. ಅಷ್ಟೇ."

ಸಯಾನ್ ಸೇತುವೆಯ ಮೇಲೆ ಬಿಸಿ ಎಲ್ಲಿಂದ ತರುವುದೆಂದು ನಾನು ಕೇಳುವ ಮೊದಲೇ ಅವಳು ಸಾಂಬಾರಿನ ಪಾತ್ರೆಯನ್ನು ರಸ್ತೆಯ ಬದಿಗೆ ಇಳಿಸಿದ್ದಳು. ಮುಚ್ಚಳವನ್ನು ಮಗುಚಿ ಇಟ್ಟು, ಆ ಕುಳಿಯಲ್ಲಿ ಬಟ್ಟಲನ್ನು ಕೂರಿಸಿದಳು. ಬಟ್ಟಲ ಮೇಲೆ ಜಾಲರಿ. ಎಲ್ಲಕ್ಕೂ ಮೇಲಿನಿಂದ ಗೋಣಿ. ಕೆಳಗಿನ ಸಾಂಬಾರು ಒಲೆಯಿಂದ ಇಳಿದು ಅರ್ಧ ಗಂಟೆ ಕಳೆದಿದ್ದರೂ ಇನ್ನೂ ಗುಳುಗುಳು ಅನ್ನುತ್ತಿತ್ತು. ನಾವು ಮೂವರೂ ಸುತ್ತ ಕುಕ್ಕರುಗಾಲಲ್ಲಿ ಕೂತೆವು.

ಸೈಕಲಿನ ಎರಡು ಬದಿಗೆ ಕ್ಯಾನು ತೂಗುಹಾಕಿಕೊಂಡ ಒಬ್ಬ ಹಾಲಿನ ಭಯ್ಯಾ ಇಳಿದು ನಿಂತ.

"ಕ್ಯಾ ಪಕಾತೀ ಹೋ ಬಾಯಿ?"

"ಗಾಡೀ ಕೀ ನಾಕ್," ಎಂದಳು ಅಪ್ಪಿ ತಲೆ ಎತ್ತದೆ.

ಕಾರಿನ ಮೂಗು ಬೇಯಿಸುವವರನ್ನು ಅವನು ಅದುವರೆಗೆ ಕಂಡಿರಲಿಲ್ಲ. ಸೈಕಲು ನಿಲ್ಲಿಸಿ ಅವನೂ ಕೂತ. ಮೋನಪ್ಪನಿಗೆ ಮೊದಲು ನಗು ಬಂತು. ಅದನ್ನು ಅವನು ಚಪ್ಪಲಿಯ ಕಡೆ ತಿರುಗಿಸಲು ನೋಡಿದ, ಆಗಲಿಲ್ಲ. ಆಮೇಲೆ ನನಗೆ. ಕಡೆಗೆ ಅಪ್ಪಿ ಸೆರಗು ಬಾಯಿಗೆ ತುರುಕಿಕೊಂಡು, ಇನ್ನೊಂದು ಕೈಯಲ್ಲಿ ಗೋಣಿ ಒತ್ತಿ ಹಿಡಿದು, ಮೈ ಕುಲುಕಿ ಕುಲುಕಿ ನಕ್ಕಳು. ಇಡೀ ಜೀವಮಾನದ ಅನ್ನ ಹೋಗುವ ಹೊತ್ತಿನಲ್ಲಿ ನಾಲ್ಕು ಜನ ಸೇತುವೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದೆವು. ನಾಲ್ಕನೆಯವನಿಗಂತೂ ಕಾರಣವೂ ಗೊತ್ತಿರಲಿಲ್ಲ.

ಗೋಣಿ ಎತ್ತಿದಾಗ ಎಣ್ಣೆ ಬಟ್ಟಲಲ್ಲಿ ತೊಳೆದ ಗಾಜಿನ ಹಾಗೆ ತಿಳಿಯಾಗಿತ್ತು. ಬೆರಳು ಸುಟ್ಟುಕೊಂಡು ಕೂರಿಸಿದೆವು. ಭಯ್ಯಾನೂ ಕೈ ಹಾಕಿ ಕಾರನ್ನು ಏರಿನ ತುದಿಯವರೆಗೆ ನೂಕಿಕೊಟ್ಟ. ಇಳಿಜಾರಿನಲ್ಲಿ ಎಂಜಿನ್ನು ಹಿಡಿಯಿತು. ಆರು ಇಪ್ಪತ್ತೈದು.

ಮೋನಪ್ಪ ಅಂದು ಕಾರು ಓಡಿಸಲಿಲ್ಲ, ಎಸೆದ. ಕುರ್ಲಾ ಯಾವಾಗ ಬಂತು, ಸಾಕಿನಾಕಾ ಯಾವಾಗ ಹೋಯಿತು ನಾನು ಹೇಳಲಾರೆ. ಕಣ್ಣು ಮುಚ್ಚಿದ್ದೆ. ಹಿಂದಿನಿಂದ ಅಪ್ಪಿಯ ದನಿ ಮಾತ್ರ ಬರುತ್ತಿತ್ತು. "ಹೊಂಡ ನೋಡು. ಸಾಂಬಾರು ನನ್ನ ಸೀರೆಗೆ ಬೀಳ್ಲಿ, ನೆಲಕ್ಕೆ ಬೀಳುವುದು ಬೇಡ. ಲಾರಿಗೆ ದಾರಿ ಬಿಡ್ಬೇಡ. ಅವನು ಧಣಿಯ ಆಳು, ನೀನು ನನ್ನ ತಮ್ಮ."

ಕೆರೆಯ ಬದಿಯ ಶೆಡ್ಡಿನ ಮುಂದೆ ನಿಂತಾಗ ಸೀತಾರಾಮಯ್ಯನವರು ಗಡಿಯಾರ ಹಿಡಿದು ಬಾಗಿಲಲ್ಲೇ ಇದ್ದರು. ಅವರ ಪಕ್ಕದಲ್ಲಿ ಪಾರ್ಲೆಯ ಸದಾನಂದ, ಇಸ್ತ್ರಿಯ ಅಂಗಿ ಹಾಕಿಕೊಂಡು. ಕೊನೆಯ ದಿನ ಏನಾದರೂ ಆದೀತೆಂದು ಅವನು ತನ್ನ ವ್ಯಾನಿನಲ್ಲಿ ಒಂದು ಪಾತ್ರೆ ಉಪ್ಪಿಟ್ಟು ಹಾಕಿಕೊಂಡು ಬಂದಿದ್ದ.

"ಆರು ಐವತ್ತೆಂಟು," ಎಂದರು ಸೀತಾರಾಮಯ್ಯ. ಆಮೇಲೆ ಅಪ್ಪಿಯನ್ನು ನೋಡಿದರು. ಮುಖಕ್ಕೆ ಮಸಿ, ಮೊಣಕೈವರೆಗೆ ಎಣ್ಣೆ, ಸೀರೆಗೆ ಸಾಂಬಾರು. "ಏನಮ್ಮಾ ಇದು ಅವತಾರ?"

"ಮೂಗು ಕಟ್ಟಿತ್ತು ಸ್ವಾಮಿ."

"ಯಾರಿಗೆ?"

ಅಪ್ಪಿ ಎಲ್ಲ ಹೇಳಿದಳು. ಸುಳ್ಳು ಹೇಳಬಹುದಿತ್ತು, ನಾನಾಗಿದ್ದರೆ ಖಂಡಿತ ಹೇಳುತ್ತಿದ್ದೆ. ಸೀತಾರಾಮಯ್ಯನವರು ನಗಲಿಲ್ಲ. ಬಾನೆಟ್ಟು ತೆಗೆಸಿದರು. ಕನ್ನಡಕ ಏರಿಸಿ ಬಗ್ಗಿದರು. ಬಟ್ಟಲಿಗೆ ಬೆರಳು ಅದ್ದಿ ಮೂಸಿದರು.

"ಇದು ತೆಂಗಿನೆಣ್ಣೆ ಕಣ್ರೀ."

"ಊರಿನದ್ದೇ. ಗಾಣದ್ದು."

"ನಾನು ಓದಿರೋ ಪ್ರಕಾರ ಇದು ನಡೀಕೂಡದು."

"ನಡೆದು ಬಂತಲ್ಲ ಸ್ವಾಮಿ, ಆರು ದಿನ."

ಅವರು ಅರ್ಧ ಗಂಟೆ ಅಲ್ಲೇ ನಿಂತರು. ಜೇಬಿನ ಪುಸ್ತಕದಲ್ಲಿ ಚಿತ್ರ ಬರೆದುಕೊಂಡರು. ಎಣ್ಣೆ ಎಷ್ಟು, ಎಷ್ಟು ಹೊತ್ತಿಗೆ ಕರಗಿತು, ಸಾಂಬಾರು ಎಷ್ಟು ಬಿಸಿ ಇತ್ತು ಎಂದು ಮೋನಪ್ಪನನ್ನು ಕೇಳಿದರು. ಕೊನೆಗೆ ಕೈ ಒರೆಸಿಕೊಂಡು ಒಳಗೆ ಹೋದಾಗ ಎಂಬತ್ತು ಜನ ತಿಂದು ಎದ್ದಿದ್ದರು. ಪಾತ್ರೆಯಲ್ಲಿ ಒಂದು ಇಡ್ಲಿಯೂ ಇರಲಿಲ್ಲ. ಸದಾನಂದ ಒಳ್ಳೆಯವನೇ. ತನ್ನ ಉಪ್ಪಿಟ್ಟನ್ನು ತಟ್ಟೆಗೆ ಹಾಕಿಕೊಟ್ಟ. ಸೀತಾರಾಮಯ್ಯನವರು ಎಡಗೈಯಲ್ಲಿ ಚಮಚ ಹಿಡಿದು ಸದಾನಂದನ ಉಪ್ಪಿಟ್ಟು ತಿನ್ನುತ್ತಾ, ಬಲಗೈಯಲ್ಲಿ ಅಪ್ಪಿಯ ಕ್ಯಾಂಟೀನಿನ ಕಾಗದಕ್ಕೆ ರುಜು ಹಾಕಿದರು. ಉಪ್ಪಿಟ್ಟು ಚೆನ್ನಾಗಿದೆ ಎಂದೂ ಹೇಳಿದರು. ಸದಾನಂದನ ಮುಖ ಹೇಗಿತ್ತೆಂದು ಬರೆಯುವಷ್ಟು ನಾನು ಕೆಟ್ಟವನಲ್ಲ.

"ಒಂದು ಷರತ್ತು," ಎಂದರು. "ಫೆಬ್ರವರಿವರೆಗೆ ಎಂಜಿನ್ ಆಯಿಲ್ ಹಾಕಿ. ಚಳಿಗೆ ಅದು ಗಟ್ಟಿಯಾಗೋಲ್ಲ."

"ಏಳು ಗಂಟೆ ನಿಮ್ಮ ಷರತ್ತು, ಅದನ್ನು ನಡೆಸ್ತೇನೆ," ಎಂದಳು ಅಪ್ಪಿ ಕಾಗದ ಮಡಚಿ ಕುಪ್ಪಸಕ್ಕೆ ಸೇರಿಸುತ್ತಾ. "ಎಣ್ಣೆ ನನ್ನದು. ಗಟ್ಟಿ ಆಗದ ಹಾಗೆ ಮಾಡುವುದು ನನ್ನ ತಲೆಬಿಸಿ."

ಹನ್ನೊಂದು ಲಾರಿಗಳ ಓವರ್‌ಸಿಯರು ಅದೇ ದಿನ ನನ್ನ ಹತ್ತಿರ ಹನ್ನೊಂದು ಎಣ್ಣೆ ಬಟ್ಟಲಿನ ಕ್ಲೀನರಿಗೆ ಹೇಳಿದ. ಇದನ್ನು ನಾನು ಅಪ್ಪಿಗೆ ಇನ್ನೂ ತಿಳಿಸಿಲ್ಲ. ತಿಳಿಸಿದರೆ ದಲಾಲಿ ಕೇಳುತ್ತಾಳೆ.

ಹತ್ತು ದಿನ ಕಳೆದು ವಡಾಲದಲ್ಲಿ ಊಟಕ್ಕೆ ಹೋದೆ. ಖಾನಾವಳಿಯ ಬೀದಿಯ ಕಡೆಯ ತಗಡಿನ ಗೋಡೆ ಇರಲಿಲ್ಲ, ಅಲ್ಲಿ ಎರಡು ರೆಕ್ಕೆಯ ಬಾಗಿಲು ಬಂದಿತ್ತು. ಒಳಗೆ ದೊಡ್ಡ ಒಲೆಯ ಪಕ್ಕ, ರುಬ್ಬುವ ಕಲ್ಲುಗಳಿಗೆ ಮೂತಿ ಮಾಡಿಕೊಂಡು, ಮೋರಿಸ್ ಬೆಚ್ಚಗೆ ನಿಂತಿತ್ತು. ರುಬ್ಬುವ ಹೆಂಗಸರಲ್ಲಿ ಒಬ್ಬಳು ಅದರ ಬಂಪರಿಗೆ ಒರಗಿ ಕಾಲು ಚಾಚಿದ್ದಳು. ಬಾನೆಟ್ಟಿನ ಮೇಲೆ ಹಪ್ಪಳ ಒಣಗಿಸಿದ್ದರು. ಜಾಗ ಸಾಲದೆ ಎಲೆಗಳನ್ನು ಕಾರಿನ ಎರಡು ಬದಿಗೆ ಹಾಕಿದ್ದರು. ನನಗೆ ಸಿಕ್ಕಿದ್ದು ಡ್ರೈವರಿನ ಬದಿ. ಅನ್ನ ಕಲಸಿ ಬಾಯಿಗೆ ಇಡುವಷ್ಟರಲ್ಲಿ ಸೌಟು ಹಿಡಿದ ಅಪ್ಪಿ ನನ್ನ ಭುಜ ತಟ್ಟಿದಳು.

"ಸಾಹುಕಾರ್ರೇ, ಎಲೆ ಸ್ವಲ್ಪ ಈಚೆ ಎಳ್ಕೊಳ್ಳಿ. ಮೋನಪ್ಪ ಕಾರಿನೊಳಗೆ ಮಲಗಿದ್ದಾನೆ, ಅವನಿಗೆ ಬಾಗಿಲು ತೆಗೀಲಿಕ್ಕುಂಟು."